ಹದಿನಾಲ್ಕು ಕೋಲು, ಮೇಲೊಂದು ಕೊಸರು

ನಮ್ಮ ಮನೆಯಲ್ಲಿ ನುಗ್ಗೆಕಾಯಿ ಕೀಳುವುದು ಮೂರನೇ ನಂಬರಿನ ಗಾಲ್ಫ್ ಕೋಲಿನಿಂದ. ತಾರಸಿಯ ಮೂಲೆಯಲ್ಲಿ ನಿಂತು, ಕೋಲಿನ ತುದಿಯ ಕಬ್ಬಿಣದ ತಲೆಯನ್ನು ಕೊಂಬೆಗೆ ಸಿಕ್ಕಿಸಿ ಮೆಲ್ಲಗೆ ಎಳೆದರೆ ಸಾಕು, ಕಾಯಿ ಕೈಗೇ ಬರುತ್ತದೆ. ಕೆಳಗಿನ ಬಾಡಿಗೆ ಕೋಣೆಗಳಿಗೆ ಹೊಸದಾಗಿ ಬಂದವರು ಇದನ್ನು ನೋಡಿ, ಈ ಮನೆಯವರು ಎಷ್ಟು ಶ್ರೀಮಂತರಿರಬೇಕು ಎಂದು ಬೆರಗಾಗುತ್ತಾರೆ. ಆಮೇಲೆ ನಮ್ಮ ನೀರಿನ ಪಂಪನ್ನು ನೋಡಿ ಸಮಾಧಾನ ಮಾಡಿಕೊಳ್ಳುತ್ತಾರೆ.

ಆ ಕೋಲು ಆಟದಿಂದ ನಿವೃತ್ತಿಯಾಗಿ ನುಗ್ಗೆಮರಕ್ಕೆ ಬಂದದ್ದಕ್ಕೆ ಕಾರಣವಿದೆ. ಅದು ಎಡಗೈಯವರ ಕೋಲು, ನಮ್ಮಪ್ಪ ಬಲಗೈಯವರು. ಇದು ಗೊತ್ತಾಗುವ ಮೊದಲು ಅಪ್ಪ ಎಷ್ಟೋ ವಾರ ಆ ಕೋಲಿನ ಬೆನ್ನಿನಿಂದಲೇ ಚೆಂಡನ್ನು ಬಡಿದಿದ್ದರು. ಚೆಂಡು ಕಪ್ಪೆಯಂತೆ ನೆಗೆದು ಪಕ್ಕಕ್ಕೆ ಹೋಗುತ್ತಿತ್ತು. ದೋಷ ತಮ್ಮ ಮಣಿಕಟ್ಟಿನದೆಂದು ತೀರ್ಮಾನಿಸಿ, ಹಲಸೂರಿನ ನಾಟಿ ವೈದ್ಯರ ಹತ್ತಿರ ಎಣ್ಣೆ ತಂದು ನೀವಿಸಿಕೊಂಡದ್ದೂ ಉಂಟು. ಎಣ್ಣೆಯ ವಾಸನೆ ನಮ್ಮ ಮನೆಯಲ್ಲಿ ತಿಂಗಳುಗಟ್ಟಲೆ ಇತ್ತು. ಮೈದಾನದಲ್ಲಿ ಸುಧಾರಣೆ ಮಾತ್ರ ಇರಲಿಲ್ಲ.

ಬಿನ್ನಮಂಗಲದ ರಾಗಿ ಹೊಲದವರಿಗೆ ಗಾಲ್ಫ್ ಎಲ್ಲಿಂದ ಅಂಟಿಕೊಂಡಿತು ಎಂದು ನೀವು ಕೇಳುತ್ತೀರಿ. ಕೇಳಲೇಬೇಕು, ನಮ್ಮ ನೆಂಟರೆಲ್ಲ ಕೇಳಿದ್ದಾರೆ. ನಮ್ಮ ಹೊಲಗಳು ಬಡಾವಣೆಗೆ ಹೋದವು. ಉಳಿದ ಜಾಗದಲ್ಲಿ ಸಾಲು ಕೋಣೆಗಳೆದ್ದು, ರಾಯಚೂರು, ಕಲಬುರಗಿ ಕಡೆಯಿಂದ ಕೆಲಸಕ್ಕೆ ಬಂದ ಸಂಸಾರಗಳು ಬಾಡಿಗೆಗೆ ಸೇರಿಕೊಂಡವು. ತೊಂಬತ್ತರ ದಶಕದ ನಡುವಿನ ಹೊತ್ತಿಗೆ ಅಪ್ಪನ ಕೈ ಖಾಲಿಯಾಯಿತು. ಜೇಬು ಖಾಲಿಯಾಯಿತು ಎಂದಲ್ಲ, ಕೈ. ಗುದ್ದಲಿ ಹಿಡಿದು ಅಭ್ಯಾಸವಾದ ಕೈಗೆ ಏನಾದರೂ ಉದ್ದನೆಯದು ಬೇಕಿತ್ತು. ಕೆರೆಯಾಚೆ, ನಮ್ಮ ತಾತ ಒಂದು ಕಾಲಕ್ಕೆ ರಾಗಿ ಬಡಿಯುತ್ತಿದ್ದ ಕಣವಿದ್ದ ಕಡೆ, ಒಂದು ಗಾಲ್ಫ್ ಕ್ಲಬ್ಬು ಹುಲ್ಲು ಬೆಳೆಸಿಕೊಂಡು ಕೂತಿತ್ತು. ಅಪ್ಪ ಹೋಗಿ ಸದಸ್ಯರಾಗಿಬಿಟ್ಟರು. ಹನ್ನೊಂದನೇ ಕುಳಿಯ ಹತ್ತಿರ ಬಂದಾಗಲೆಲ್ಲ, ಜೊತೆಯಲ್ಲಿ ಯಾರೇ ಇರಲಿ, "ಇಲ್ಲೇ ನಮ್ ಕಣ ಇದ್ದಿದ್ದು" ಎಂದು ಹೇಳದೆ ಚೆಂಡು ಹೊಡೆಯುತ್ತಿರಲಿಲ್ಲ.

ಅಪ್ಪನಿಗೆ ಗುರುವಾಗಿ ಸಿಕ್ಕವರು ಕುಕ್ ಟೌನಿನ ಫ್ರಾನ್ಸಿಸ್ ಅಂಕಲ್. ರೈಲ್ವೆಯಿಂದ ನಿವೃತ್ತರಾದವರು, ಮಾತಿನಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಮೂರೂ ಒಂದೇ ಬೋಗಿಯಲ್ಲಿ ಪ್ರಯಾಣಿಸುತ್ತಿದ್ದವು. ಎಡಗೈ ಕೋಲಿನ ಗುಟ್ಟು ಕಂಡುಹಿಡಿದವರು ಅವರೇ. "ಎನ್ನ ಮುನಿ, ನೀನೇನು ಇದನ್ನ ಕನ್ನಡೀಲಿ ನೋಡ್ಕೊಂಡು ತಗೊಂಡ್ಯಾ?" ಎಂದು ನಕ್ಕರಂತೆ. ಅಪ್ಪನ ಪೂರ್ತಿ ಹೆಸರು ಬಿ. ಮುನಿಹನುಮಪ್ಪ. ಕ್ಲಬ್ಬಿನಲ್ಲಿ ಅಷ್ಟನ್ನೂ ಹೇಳುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ.

ಕೋಲುಗಳು ಬಂದದ್ದು ಶಿವಾಜಿನಗರದ ಗುಜರಿಯಿಂದ. ಅಲ್ಲಿ ಭಾನುವಾರ ಹೋದರೆ ಗಡಿಯಾರದ ಮುಳ್ಳಿನಿಂದ ಹಿಡಿದು ಜೀಪಿನ ಬಾಗಿಲಿನವರೆಗೆ ಎಲ್ಲವೂ ಸಿಗುತ್ತಿತ್ತು. ಒಂದು ಭಾನುವಾರ ಅಮ್ಮನೂ ನಾನೂ ಅಪ್ಪನ ಜೊತೆ ಹೋಗಿದ್ದೆವು. ಯಾರೋ ದೊಡ್ಡ ಅಧಿಕಾರಿಗಳು ಊರು ಬಿಡುವಾಗ ಮಾರಿಹೋದ ಒಂದು ಕಂತೆ ಕೋಲುಗಳು ಗೋಣಿಯ ಮೇಲೆ ಮಲಗಿದ್ದವು. ಅಪ್ಪನಿಗೂ ಅಂಗಡಿಯ ಭಾಯಿಗೂ ಬಹಳ ಹೊತ್ತು ಎಳೆದಾಟ ನಡೆದು ಒಂದು ಬೆಲೆಗೆ ಇಬ್ಬರೂ ಬಂದರು. ಅಷ್ಟು ಹೊತ್ತು ಸುಮ್ಮನಿದ್ದ ಅಮ್ಮ ಆಗ ಬಾಯಿ ಬಿಟ್ಟಳು.

"ಭಾಯ್, ಕೊಸ್ರು ಡಾಲೋ."

"ಕ್ಯಾ ಅಮ್ಮಾ, ಯೇ ಕೊತ್ತಂಬರಿ ಹೈ ಕ್ಯಾ?" ಎಂದ ಭಾಯಿ. ಆದರೂ ನಕ್ಕು, ಹಿಂದಿನ ರಾಶಿಯಿಂದ ಒಂದು ಗಿಡ್ಡ ಕೋಲನ್ನೆಳೆದು ಕಂತೆಯ ಮೇಲೆ ಎಸೆದ. ಅದು ಹಿತ್ತಾಳೆ ತಲೆಯ ಹಳೆಯ ಪಟ್ಟರು, ಅಂದರೆ ಚೆಂಡು ಕುಳಿಯ ಹತ್ತಿರ ಬಂದ ಮೇಲೆ ಮೆಲ್ಲಗೆ ತಳ್ಳುವ ಕೋಲು. ಅಮ್ಮ ಅದನ್ನು ಮನೆಗೆ ತಂದು ಹುಣಿಸೆಹಣ್ಣು ಹಚ್ಚಿ ತಿಕ್ಕಿದಳು. ದೇವರ ಮನೆಯ ದೀಪಕ್ಕಿಂತ ಚೆನ್ನಾಗಿ ಹೊಳೆಯಿತು. ಉಳಿದವೆಲ್ಲ ಅಪ್ಪನ ಕೋಲುಗಳು, ಅದೊಂದು ಅಮ್ಮನದು.

ಕೊಸರಿನ ವಿಷಯ ಇಲ್ಲಿ ಸ್ವಲ್ಪ ಹೇಳಬೇಕು. ಅಮ್ಮ ಹುಡುಗಿಯಾಗಿದ್ದಾಗ ಹಲಸೂರಿನ ಸಂತೆಗೆ ಸೊಪ್ಪು ಹೊತ್ತವಳು. ಕೊಂಡವರಿಗೆ ಒಂದು ಹಿಡಿ ಮೇಲೆ ಹಾಕದೆ ಅವಳ ಕೈ ಹಿಂದಕ್ಕೆ ಬರುತ್ತಿರಲಿಲ್ಲವಂತೆ. ಆ ಅಭ್ಯಾಸ ಅವಳನ್ನು ಬಿಡಲೇ ಇಲ್ಲ. ಮೂರು ದೋಸೆ ಸಾಕು ಎಂದರೆ ತಟ್ಟೆಗೆ ನಾಲ್ಕು ಬೀಳುತ್ತಿದ್ದವು. ಜಗಳ ಮಾಡಿದರೆ, "ಮೂರೇ ಹಾಕಿರೋದು. ಅದು ಕೊಸ್ರು. ಕೊಸ್ರು ಲೆಕ್ಕಕ್ಕೆ ಬರಲ್ಲ" ಎನ್ನುತ್ತಿದ್ದಳು. ನಾನು ಪುಲಿಕೇಶಿನಗರದ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದವಳು. ಮೂರಕ್ಕೆ ಒಂದು ಕೂಡಿದರೆ ಮೂರೇ ಎನ್ನುವ ಈ ಲೆಕ್ಕವನ್ನು ಮಕ್ಕಳ ಮುಂದೆ ಇಡುವ ಧೈರ್ಯ ನನಗೆ ಬರಲಿಲ್ಲ. ಆದರೆ ನನ್ನ ಸೊಂಟದ ಸುತ್ತ ಇರುವುದನ್ನೆಲ್ಲ ನಾನೂ ಕೊಸರೆಂದೇ ಭಾವಿಸಿ ಲೆಕ್ಕಕ್ಕೆ ಹಿಡಿದಿಲ್ಲ.

ಈಗ ಗಾಲ್ಫಿನ ಕಾನೂನಿಗೆ ಬರುತ್ತೇನೆ. ಆಡುವವನ ಚೀಲದಲ್ಲಿ ಹದಿನಾಲ್ಕು ಕೋಲಿಗಿಂತ ಹೆಚ್ಚು ಇರಕೂಡದು. ಕಡಿಮೆ ಇದ್ದರೆ ಯಾರೂ ಕೇಳುವುದಿಲ್ಲ, ಹೆಚ್ಚಿದ್ದರೆ ದಂಡ. ಆ ಚೀಲವೋ, ಇಡೀ ಸಂಸಾರ ಹಿಡಿಸುವಷ್ಟು ದೊಡ್ಡದು. ನಮ್ಮಪ್ಪನ ಬಳಿ ಗುಜರಿಯ ಕೃಪೆಯಿಂದ ಇಪ್ಪತ್ತಕ್ಕೂ ಮೇಲೆ ಕೋಲುಗಳಿದ್ದವು. ಹಾಗಾಗಿ ಪ್ರತಿ ಶನಿವಾರ ಸಂಜೆ ನಮ್ಮ ಹಜಾರದಲ್ಲಿ ಅವುಗಳನ್ನು ಸಾಲಾಗಿ ಮಲಗಿಸಿ, ನಾಳೆ ಯಾರು ಬರಬೇಕು, ಯಾರು ಮನೆಯಲ್ಲಿರಬೇಕು ಎಂದು ಆರಿಸುವ ಶಾಸ್ತ್ರ. ನಮ್ಮ ಚಿಕ್ಕಪ್ಪನ ಮದುವೆಗೆ ವ್ಯಾನು ಹತ್ತಿಸುವಾಗಲೂ ಇಷ್ಟು ಯೋಚನೆ ಮಾಡಿರಲಿಲ್ಲ.

ಒಂದು ಸಲ ಬಾಡಿಗೆ ಕೊಡಲು ಬಂದ ರಾಯಚೂರಿನ ಶರಣಪ್ಪ ಬಾಗಿಲಲ್ಲೇ ನಿಂತು ಈ ಪಂಕ್ತಿಯನ್ನು ನೋಡಿದ. ಗಾರೆ ಕೆಲಸದವನು, ಕೈಯಲ್ಲಿ ಒಂದೇ ಕರಣೆ ಹಿಡಿದು ಮೂರಂತಸ್ತು ಏಳಿಸುವವನು.

"ಯಪ್ಪಾ, ಇಷ್ಟ್ ಬಡಿಗಿ ಯಾಕ್ರೀ? ಒಂದ್ರಾಗ ಹೊಡಿಯಾಕ ಬರೂದಿಲ್ಲೇನು?"

ಅಪ್ಪ ಅವನನ್ನು ಕೂರಿಸಿಕೊಂಡು ವಿವರಿಸಿದರು. ಬಹಳ ದೂರಕ್ಕೆ ದಪ್ಪ ತಲೆಯ ಡ್ರೈವರು. ಅದಕ್ಕಿಂತ ಕಡಿಮೆ ದೂರಕ್ಕೆ ವುಡ್ಡುಗಳು. ಮರದವು ಎಂದು ಹೆಸರು, ಒಳಗೂ ಹೊರಗೂ ಲೋಹ. ಆಮೇಲೆ ನಂಬರು ಹಾಕಿದ ಐರನ್ನುಗಳು. ನಂಬರು ಏರಿದಂತೆ ಚೆಂಡು ಮೇಲಕ್ಕೆ ಏರುತ್ತದೆ, ದೂರ ಇಳಿಯುತ್ತದೆ. ಮರಳುಗುಂಡಿಯಿಂದ ಎತ್ತಿಹಾಕುವುದಕ್ಕೆ ವೆಜ್ಜುಗಳು, ಕೊನೆಗೆ ತಳ್ಳಲು ಪಟ್ಟರು. ಶರಣಪ್ಪ ಎಲ್ಲವನ್ನೂ ಗಂಭೀರವಾಗಿ ಕೇಳಿ, "ಹಂಗಾರ ಛೊಲೊ ಐತ್ರಿ" ಎಂದು ಎದ್ದುಹೋದ. ಆಚೆಗೆ ಹೋಗಿ ಹೆಂಡತಿಗೆ ಏನು ಹೇಳಿದನೋ, ಇಬ್ಬರೂ ನಕ್ಕದ್ದು ನಮಗೆ ಕೇಳಿಸಿತು.

ಅಪ್ಪನ ಆಯ್ಕೆಗೆ ಒಂದೇ ತತ್ವ ಇದ್ದದ್ದು: ನಂಬರು ಬಿಟ್ಟುಹೋಗಬಾರದು. ಎರಡಾದ ಮೇಲೆ ಮೂರು, ಮೂರಾದ ಮೇಲೆ ನಾಲ್ಕು, ಹೀಗೆ ಒಂಬತ್ತರವರೆಗೆ. ನಡುವೆ ಒಂದು ಇಲ್ಲದಿದ್ದರೆ ಚೀಲ ಬೊಚ್ಚುಬಾಯಿಯಂತೆ ಕಾಣುತ್ತದೆ ಎಂದು ಅವರಿಗೆ ಬೇಸರ. ಫ್ರಾನ್ಸಿಸ್ ಅಂಕಲ್ ಇದನ್ನು ಒಪ್ಪುತ್ತಿರಲಿಲ್ಲ. ಅವರ ಸ್ವಂತ ಚೀಲದಲ್ಲಿ ಯಾವತ್ತೂ ಹತ್ತೇ ಕೋಲು. "ಮುನಿ, ನೀನು ಎಷ್ಟು ದೂರ ಹೊಡೀತೀಯ ಅಂತ ನೋಡಿ ಬ್ಯಾಗ್ ತುಂಬ್ಸು ಮ್ಯಾನ್. ಎಷ್ಟು ದೂರ ಹೊಡೀಬೇಕು ಅಂತ ಆಸೆ ಇದೆ ಅನ್ನೋದನ್ನ ನೋಡಿ ಅಲ್ಲ" ಎನ್ನುತ್ತಿದ್ದರು.

ಕೊನೆಗೆ ಒಂದು ಬೆಳಿಗ್ಗೆ ಅವರೇ ಅಪ್ಪನನ್ನೂ ನನ್ನನ್ನೂ ಕರೆದುಕೊಂಡು ಹೋಗಿ ಅಳತೆ ಮಾಡಿಸಿದರು. ಅಪ್ಪ ಪ್ರತಿಯೊಂದು ಕೋಲಿನಿಂದಲೂ ಹೊಡೆಯುವುದು, ಚೆಂಡು ಎಲ್ಲಿ ಬಿತ್ತೆಂದು ನಾನು ಹೆಜ್ಜೆ ಹಾಕಿ ನೋಡುವುದು. ತಿಳಿದದ್ದೇನೆಂದರೆ, ಅಪ್ಪನ ನಾಲ್ಕು, ಐದು, ಆರನೇ ನಂಬರುಗಳು ಮೂರೂ ಹೆಚ್ಚುಕಡಿಮೆ ಒಂದೇ ಜಾಗಕ್ಕೆ ಹೋಗಿ ಕೂರುತ್ತಿದ್ದವು. ಎರಡನೇ ನಂಬರು ಎಂಟನೆಯದಕ್ಕಿಂತ ಹಿಂದೆ ಬಿತ್ತು. ಅಪ್ಪ ಗಾಳಿಯನ್ನು ಬೈದರು. ಆವತ್ತು ಎಲೆ ಅಲ್ಲಾಡುತ್ತಿರಲಿಲ್ಲ. ಆ ಬಿಡುವಿನಲ್ಲಿ ನಾನೂ ಒಂದು ಕೈ ನೋಡೋಣವೆಂದು ಏಳನೇ ನಂಬರು ಹಿಡಿದು ಬೀಸಿದೆ. ಚೆಂಡು ಇದ್ದಲ್ಲೇ ಇತ್ತು, ನಾನು ಮಾತ್ರ ಅರ್ಧ ಸುತ್ತು ತಿರುಗಿ ಕುಕ್ಕರಿಸಿದೆ. "ಪೊರಕೆ ಹಿಡಿಯೋ ಕೈ ಅದು" ಎಂದರು ಅಪ್ಪ. ಗಾಳಿಯ ಸಿಟ್ಟು ಹಾಗೆ ತೀರಿತು.

ಇಷ್ಟೆಲ್ಲ ತಯಾರಿ ಯಾತಕ್ಕೆಂದರೆ, ಕ್ಲಬ್ಬಿನಲ್ಲಿ ವರ್ಷಕ್ಕೊಮ್ಮೆ ಹಿರಿಯರ ಕಪ್ಪಿಗೆ ಪಂದ್ಯ ನಡೆಯುತ್ತಿತ್ತು. ಕಪ್ಪಿನ ಮೇಲೆ ಅಪ್ಪನಿಗೆ ಅಂಥ ಮೋಹವೇನೂ ಇರಲಿಲ್ಲ. ಅವರ ಕಣ್ಣಿದ್ದದ್ದು ಒಳಗಿನ ಗೋಡೆಯ ಮೇಲಿನ ಹಲಗೆಯ ಮೇಲೆ. ತೇಗದ ದೊಡ್ಡ ಹಲಗೆ, ಅದರಲ್ಲಿ ಗೆದ್ದವರ ಹೆಸರುಗಳು ಹೊಂಬಣ್ಣದ ಇಂಗ್ಲಿಷ್ ಅಕ್ಷರಗಳಲ್ಲಿ. ಕರ್ನಲ್ಲುಗಳು, ಬ್ರಿಗೇಡಿಯರುಗಳು, ಕಂಪನಿಗಳ ಸಾಹೇಬರುಗಳು. ಒಂದು ದಿನ ಅದರ ಮುಂದೆ ನಿಂತು ಅಪ್ಪ ನನ್ನೊಬ್ಬಳಿಗೆ ಮಾತ್ರ ಕೇಳುವಂತೆ ಹೇಳಿದರು: "ನೋಡಮ್ಮಾ, ಇದ್ರಲ್ಲಿ ನಮ್ಮೂರೋರ್ದು ಒಂದ್ ಹೆಸರೂ ಇಲ್ಲ. ನೆಲ ನಮ್ದು. ಒಂದೇ ಒಂದು ಸಲ ಬಂದ್ಬಿಡ್ಲಿ, ಸಾಕು." ಮನೆಯಲ್ಲಿ ಎಲ್ಲದಕ್ಕೂ ಕೂಗಾಡುವ ಅಪ್ಪ ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಆ ಹೆಸರು ಅಲ್ಲಿ ಬರಲಿ ಎಂದು ಅವತ್ತಿನಿಂದ ನನಗೂ ಆಸೆ ಹತ್ತಿತು.

ಆ ಸಲದ ಪಂದ್ಯಕ್ಕೆ ಮುಂಚಿನ ಶನಿವಾರ ಅಪ್ಪ ಮೊದಲ ಬಾರಿಗೆ ಹಟ ಬಿಟ್ಟು ಫ್ರಾನ್ಸಿಸ್ ಅಂಕಲ್ ಹೇಳಿದಂತೆ ಆರಿಸಿದರು. ಡ್ರೈವರೂ ಸೇರಿ ನಾಲ್ಕು ಉದ್ದನೆಯವು, ಐದರಿಂದ ಒಂಬತ್ತರವರೆಗೆ ಐರನ್ನುಗಳು, ನಾಲ್ಕು ವೆಜ್ಜು, ಹೊಸದಾಗಿ ಕೊಂಡ ಒಂದು ಪಟ್ಟರು. ಎರಡನೇ ನಂಬರನ್ನು ಮೂಲೆಗಿಡುವಾಗ ಅವರ ಮುಖ ನೋಡಬೇಕಿತ್ತು, ಮಗಳನ್ನು ಗಂಡನ ಮನೆಗೆ ಕಳಿಸುವವರ ಹಾಗೆ. ನನ್ನನ್ನು ಕಳಿಸುವಾಗ ಅಷ್ಟು ದುಃಖಪಟ್ಟಾರೆಂಬ ಭರವಸೆ ನನಗೆ ಇರಲಿಲ್ಲ.

"ಎಷ್ಟಾಯ್ತು?" ಎಂದು ಅಮ್ಮ ಅಡುಗೆಮನೆಯಿಂದ ಕೇಳಿದಳು.

"ಹದಿನಾಲ್ಕು ಕಣೆ. ಅಷ್ಟೇ ಇರ್ಬೇಕು."

"ಹದಿನಾಲ್ಕಾ? ಸರಿಸಂಖ್ಯೆ ಆಯ್ತಲ್ರೀ. ನೂರು ಕೊಡೋ ಕಡೇನೂ ನೂರಾ ಒಂದು ಕೊಡಲ್ವಾ?"

"ಅದು ಕಾನೂನು. ನಿಂಗದೆಲ್ಲ ಗೊತ್ತಾಗಲ್ಲ, ಬಿಡು."

ಅಮ್ಮ ಬಿಟ್ಟಳು ಎಂದು ನಾವಿಬ್ಬರೂ ಅಂದುಕೊಂಡೆವು. ಬೆಳಿಗ್ಗೆ ಅವಳು ಎಂದಿನಂತೆ ಎಲ್ಲ ಕೋಲುಗಳ ತಲೆಗೂ ಕುಂಕುಮವಿಟ್ಟು ಕೈ ಮುಗಿದು ಕಳಿಸಿದಳು.

ಅಪ್ಪ ಆವತ್ತು ಆಡಿದಂತೆ ಹಿಂದೆಂದೂ ಆಡಿರಲಿಲ್ಲ, ಮುಂದೆಯೂ ಆಡಲಿಲ್ಲ. ಜೊತೆಯಲ್ಲಿ ಆಡುತ್ತಿದ್ದವರು ಫ್ರಾನ್ಸಿಸ್ ಅಂಕಲ್ ಮತ್ತು ಒಬ್ಬ ಕರ್ನಲ್ ಸಾಹೇಬರು. ನಾನು ಸ್ಕೂಲಿಗೆ ರಜೆಯಿದ್ದುದರಿಂದ ಪಕ್ಕದಲ್ಲಿ ನಡೆಯುತ್ತಿದ್ದೆ. ಚೆಂಡು ಹೇಳಿದ ಮಾತು ಕೇಳುತ್ತಿತ್ತು. ಹಿಂದೆಲ್ಲ ಎರಡನೇ ನಂಬರು ಹಿಡಿದು ಪೊದೆಗೆ ಕಳಿಸುತ್ತಿದ್ದ ಕಡೆ ಈಗ ಪುಟ್ಟ ವುಡ್ಡಿನಿಂದ ಹುಲ್ಲಿನ ನಡುವೆ ಇಳಿಸುತ್ತಿದ್ದರು. ವೆಜ್ಜುಗಳು ತಮ್ಮ ಕೆಲಸ ಮಾಡಿದವು. ಹನ್ನೊಂದರಲ್ಲಿ ಕಣದ ಕಥೆ ಹೇಳುವುದನ್ನೇ ಮರೆತರು, ಆಗಲೇ ನನಗೆ ಇದು ಬೇರೆ ದಿನ ಎಂದು ಗೊತ್ತಾಯಿತು. ಅವರವರ ಆಟದ ಮಟ್ಟಕ್ಕೆ ತಕ್ಕ ರಿಯಾಯಿತಿ ಕಳೆದು ನೋಡಿದರೆ, ಕೊನೆಯ ಕುಳಿಯಲ್ಲಿ ಅಪ್ಪ ಕರ್ನಲ್ ಸಾಹೇಬರಿಗಿಂತ ಮೂರು ಹೊಡೆತ ಮುಂದೆ. ಉಳಿದವರೆಲ್ಲ ಬಹಳ ಹಿಂದಿದ್ದರು. ನಾನು ಮೇಷ್ಟ್ರ ಬುದ್ಧಿಯಿಂದ ಮತ್ತೆ ಮತ್ತೆ ಕೂಡಿದೆ. ಪ್ರತಿ ಸಲವೂ ಅಪ್ಪನೇ ಗೆದ್ದರು.

ಅಮ್ಮ ಆವತ್ತು ಮೊದಲ ಸಲ ಕ್ಲಬ್ಬಿಗೆ ಬಂದಿದ್ದಳು. ಚಿತ್ರಾನ್ನದ ಕ್ಯಾರಿಯರು ಹಿಡಿದು, ರೇಷ್ಮೆ ಸೀರೆ ಉಟ್ಟು, ಕೊನೆಯ ಕುಳಿಯಾಚೆ ಮರದ ಕೆಳಗೆ ಕೂತಿದ್ದಳು. ಮೂವರೂ ಕೈ ಕುಲುಕಿ, ಲೆಕ್ಕದ ಚೀಟಿಗೆ ಸಹಿ ಹಾಕಲು ಪೆನ್ನು ಹುಡುಕುವಾಗ ಎದ್ದು ಹತ್ತಿರ ಬಂದಳು. ಚೀಲದ ಮೇಲಿದ್ದ ಟವೆಲು ಸರಿಸಿ, ಒಳಗೆ ಕೈ ಹಾಕಿ, ತಲೆಕೆಳಗಾಗಿ ನಿಂತಿದ್ದ ಹಿತ್ತಾಳೆ ಪಟ್ಟರನ್ನು ಹೊರಗೆಳೆದಳು.

"ಅಯ್ಯೋ, ಇದನ್ನ ಮುಟ್ಟೇ ಇಲ್ವಲ್ರೀ! ಕುಂಕುಮ ಹಂಗೇ ಐತೆ!"

ಹದಿನೈದನೆಯ ಕೋಲು. ಬಳಸಿರಲಿ ಬಿಡಲಿ, ಚೀಲದಲ್ಲಿದ್ದರೆ ಸಾಕು. ದಂಡ ನಾಲ್ಕು ಹೊಡೆತ.

ಅಮ್ಮ ಕಾನೂನು ಮುರಿದಿರಲಿಲ್ಲ, ಅವಳ ಲೆಕ್ಕದಲ್ಲಿ. ಹದಿನಾಲ್ಕು ಎಂದರು, ಹದಿನಾಲ್ಕೇ ಇತ್ತು. ಇದು ಕೊಸರು.

ಮೊದಲು ಚೇತರಿಸಿಕೊಂಡವರು ಫ್ರಾನ್ಸಿಸ್ ಅಂಕಲ್. "ಓ, ಅದು ನಂದು ಮ್ಯಾನ್!" ಎಂದು ಗಟ್ಟಿಯಾಗಿ ಹೇಳಿದರು. "ಆಡ್ತಾ ಆಡ್ತಾ ತಪ್ಪಿ ನಿನ್ನ ಬ್ಯಾಗಿಗೆ ಹಾಕ್ಬಿಟ್ಟೆ ಅನ್ಸುತ್ತೆ ಮುನಿ. ಅಲ್ವಾ?" ಬೇರೆಯವರ ಕೋಲು ಆಟದ ನಡುವೆ ಹಾಗೆ ತಪ್ಪಿ ಬಂದು ಸೇರಿದರೆ ದಂಡವಿಲ್ಲ. ಅಪ್ಪ ತಲೆಯಾಡಿಸಿದರೆ ಮುಗಿಯಿತು. ಕರ್ನಲ್ ಸಾಹೇಬರು ಒಳ್ಳೆಯವರು, ಆ ಹೊತ್ತಿಗೆ ಸರಿಯಾಗಿ ತಮ್ಮ ಬೂಟಿನ ಲೇಸು ಕಟ್ಟಲು ಬಗ್ಗಿದರು.

ಆದರೆ ಅಮ್ಮ ಅಲ್ಲಿದ್ದಳಲ್ಲ. "ಏ ಫ್ರಾನ್ಸಿಸಣ್ಣಾ, ಇದು ನಿಮ್ದೆಲ್ಲಿ! ಗುಜರೀಲಿ ನಾನು ಕೇಳಿ ಇಸ್ಕೊಂಡಿದ್ದು. ಇವ್ರಿಗೆ ಕಮ್ಮಿ ಬೀಳಬಾರ್ದು ಅಂತ ಬೆಳಿಗ್ಗೆ ನಾನೇ ಇಟ್ಟಿದ್ದು." ಪಟ್ಟರನ್ನು ಎದೆಗವಚಿಕೊಂಡು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಯಾರೂ ನಗಲಿಲ್ಲ. ಏನೋ ತಪ್ಪಾಗಿದೆ ಎಂದು ಅವಳಿಗೆ ಅನ್ನಿಸಿರಬೇಕು, ದನಿ ಇಳಿಯಿತು. "ನಾನೇ ಇಟ್ಟಿದ್ದು" ಎಂದು ಇನ್ನೊಮ್ಮೆ, ಈ ಸಲ ಅಪ್ಪನ ಕಡೆ ನೋಡಿ ಹೇಳಿದಳು.

ಇನ್ನೂ ದಾರಿಯಿತ್ತು. "ಅವಳಿಗೇನ್ ಗೊತ್ತಾಗುತ್ತೆ" ಎಂಬ ಮಾತು ಗಂಡಂದಿರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಅಪ್ಪ ಅದನ್ನು ದಿನಕ್ಕೆರಡು ಸಲವಾದರೂ ಬಳಸುತ್ತಿದ್ದವರು. ಆವತ್ತು ಅದನ್ನು ಹೇಳಿದ್ದರೆ ಫ್ರಾನ್ಸಿಸ್ ಅಂಕಲ್ ನಗುತ್ತಿದ್ದರು, ಕರ್ನಲ್ ಸಾಹೇಬರು ಲೇಸು ಬಿಟ್ಟು ಏಳುತ್ತಿದ್ದರು, ಹಲಗೆಯ ಮೇಲೆ ಬಿ. ಮುನಿಹನುಮಪ್ಪ ಎಂದು ಬೀಳುತ್ತಿತ್ತು. ಹೇಳಿಬಿಡಲಿ ಎಂದು ನನ್ನ ಮನಸ್ಸು ಬಯಸಿತು ಎಂಬುದನ್ನು ಮುಚ್ಚಿಡಲಾರೆ.

ಅಪ್ಪ ಅಮ್ಮನ ಕೈಯಿಂದ ಪಟ್ಟರು ತೆಗೆದುಕೊಂಡು ಕರ್ನಲ್ ಸಾಹೇಬರಿಗೆ ತೋರಿಸಿದರು.

"ಇದು ನಮ್ದೇ ಸರ್. ನಮ್ಮನೆಯೋಳು ಇಟ್ಟಿದ್ದು."

ದಂಡ ಬಿತ್ತು. ಕರ್ನಲ್ ಸಾಹೇಬರು ಒಂದು ಹೊಡೆತದಿಂದ ಗೆದ್ದರು. ಗೆಲುವು ಅವರಿಗೂ ಅಷ್ಟೇನೂ ರುಚಿಸಲಿಲ್ಲ, ಚಿತ್ರಾನ್ನ ರುಚಿಸಿತು. ಮನೆಗೆ ಬರುವಾಗ ಅಮ್ಮ, "ಯಾಕ್ರೀ ಸೋತ್ರಿ?" ಎಂದು ಕೇಳಿದಳು. "ಆ ಕರ್ನಲ್ಲು ಚೆನ್ನಾಗಿ ಆಡ್ದ ಕಣೆ" ಎಂದರು ಅಪ್ಪ. ನನ್ನ ಕಡೆ ತಿರುಗಿ ನೋಡಿದ ರೀತಿಯಲ್ಲೇ, ಬಾಯಿ ಬಿಟ್ಟೀಯೆ ಜೋಕೆ ಎಂಬುದಿತ್ತು.

ಅಲ್ಲಿಂದ ಮುಂದೆ ನಡೆದದ್ದು ಇನ್ನೂ ಸ್ವಾರಸ್ಯ. ಅಮ್ಮ ಪ್ರತಿ ಭಾನುವಾರವೂ ಚೀಲಕ್ಕೆ ಹಿತ್ತಾಳೆ ಪಟ್ಟರು ಇಡುತ್ತಲೇ ಬಂದಳು. ಅಪ್ಪ ಹಲಸೂರು ಕೆರೆಯ ತಿರುವಿನಲ್ಲಿ ಕಾರು ನಿಲ್ಲಿಸಿ, ಕದ್ದ ಮಾಲಿನಂತೆ ಅತ್ತಿತ್ತ ನೋಡಿ, ಅದನ್ನು ಹಿಂದಿನ ಸೀಟಿನ ಕೆಳಗೆ ತಳ್ಳುತ್ತಿದ್ದರು. ಬರುವಾಗ ಅದೇ ತಿರುವಿನಲ್ಲಿ ಮತ್ತೆ ಚೀಲಕ್ಕೆ ಸೇರಿಸುತ್ತಿದ್ದರು. ಎರಡು ಸಾವಿರದ ಇಸವಿ ದಾಟಿತು, ಇಂದಿರಾನಗರದ ನೂರಡಿ ರಸ್ತೆಯಲ್ಲಿ ಮನೆಗಳೆಲ್ಲ ಗಾಜಿನ ಅಂಗಡಿಗಳಾದವು, ನಾನು ಮದುವೆಯಾಗಿ ಲಿಂಗರಾಜಪುರಕ್ಕೆ ಹೋದೆ. ಈ ಕಳ್ಳಸಾಗಣೆ ಮಾತ್ರ ನಿಲ್ಲಲಿಲ್ಲ. ಅಪ್ಪ ಪ್ರತಿ ವರ್ಷವೂ ಕಪ್ಪಿಗೆ ಆಡಿದರು. ಗೆಲುವು ಮತ್ತೆ ಅಷ್ಟು ಹತ್ತಿರ ಬರಲೇ ಇಲ್ಲ. ಆಮೇಲೆ ಮಂಡಿ ಕೈಕೊಟ್ಟು ಆಟ ನಿಂತಿತು. ಹಲಗೆಯಲ್ಲಿ ನಮ್ಮೂರಿನ ಹೆಸರು ಇವತ್ತಿಗೂ ಇಲ್ಲ. ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಹೋದ ಯುಗಾದಿಗೆ ತವರಿಗೆ ಹೋದಾಗ ಅಮ್ಮ ಹಿತ್ತಿಲಲ್ಲಿ ಕೂತು ದೇವರ ಸಾಮಾನಿನ ಜೊತೆ ಆ ಪಟ್ಟರನ್ನೂ ತಿಕ್ಕುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಅಪ್ಪ ಒಳಗೆ ಮಲಗಿರುವುದನ್ನು ನೋಡಿಕೊಂಡು, ಆವತ್ತಿನ ದಂಡದ ಕಥೆಯನ್ನು ಹೇಳಲು ಶುರುಮಾಡಿದೆ.

"ಗೊತ್ತು ಬಿಡೇ" ಎಂದಳು ಅಮ್ಮ, ತಿಕ್ಕುವುದನ್ನು ನಿಲ್ಲಿಸದೆ. "ಆವತ್ತೇ ಅವರ ಮುಖ ನೋಡಿದ್ ತಕ್ಷಣ ಗೊತ್ತಾಯ್ತು. ಆಮೇಲೆ ವಾರ ವಾರಾನೂ ಎಲ್ಲಾದ್ರ ಕುಂಕುಮ ಅಳಿಸಿ ಬರೋದು, ಇದ್ರದ್ದು ಮಾತ್ರ ಇಟ್ಟಂಗೇ ಬರೋದು. ದಾರೀಲಿ ತೆಗೆದಿಡ್ತಾರೆ ಅಂತ ಗೊತ್ತಾಗಲ್ವಾ?"

"ಮತ್ತೆ ಯಾಕೆ ಇಡ್ತಿದ್ದೆ?"

"ಇಡೋದು ನನ್ ಕೆಲಸ. ತೆಗೆಯೋದು ಅವರ ಕೆಲಸ."

"ಅಷ್ಟು ಆಸೆ ಪಟ್ಟಿದ್ರಮ್ಮಾ ಅಪ್ಪ. ಆ ಹಲಗೆ ಮೇಲೆ ಅವರ ಹೆಸರು ಬರ್ತಿತ್ತು."

ಅಮ್ಮ ಪಟ್ಟರಿಗೆ ನೀರು ಸುರಿದು, ಸೆರಗಿನಿಂದ ಒರೆಸಿ, ಬಿಸಿಲಿಗೆ ಹಿಡಿದು ನೋಡಿದಳು.

"ಆ ಹಲಗೆ ಮೇಲಿರೋ ಇಂಗ್ಲಿಷು ನಂಗೆಲ್ಲಿ ಓದಕ್ಕೆ ಬರುತ್ತೆ?" ಎಂದಳು. "ಅಷ್ಟು ದೊಡ್ಡ ಮನುಷ್ಯರ ಮುಂದೆ ನಿಂತ್ಕೊಂಡು 'ನಮ್ಮನೆಯೋಳು ಇಟ್ಟಿದ್ದು' ಅಂದ್ರಲ್ಲ, ಅದು ಕೇಳಿಸ್ತು."